ಹಕ್ಕಿ ಇರುವ ಕಡೆಗಲ್ಲ, ಹೋಗುವ ಕಡೆಗೆ ಗುರಿ

2025ರ ಮೇ 9ರ ಸಂಜೆ. ಶಾಲೆಗೆ ಬೇಸಿಗೆ ರಜೆ. ಭಾಗ್ಯನಗರದ ನಮ್ಮ ಓಣಿಯಲ್ಲಿ ಹಗಲು ಮಗ್ಗದ ಸದ್ದು ಇದ್ದೇ ಇರುತ್ತದೆ. ಆ ವಾರ ಅದರ ಜೊತೆಗೆ ಮನೆಮನೆಯಲ್ಲೂ ಟಿವಿಯ ಸದ್ದು. ಗಡಿಯಲ್ಲಿ ರಾತ್ರಿ ಡ್ರೋನುಗಳು ಬರುತ್ತಿವೆ, ನಮ್ಮ ಸೈನಿಕರು ಹೊಡೆದು ಕೆಡವುತ್ತಿದ್ದಾರೆ ಎಂಬ ಸುದ್ದಿ ಬರುತ್ತಲೇ ಇತ್ತು.

ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ನೇಕಾರಿಕೆ ಮಾಡುವ ಒಂದು ಕುಟುಂಬವಿದೆ. ಆ ಮನೆಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಸೈನ್ಯದ ವಾಯುರಕ್ಷಣಾ ದಳದಲ್ಲಿ ತೋಪಿನ ಸಿಬ್ಬಂದಿಯಾಗಿದ್ದಾನೆ. ಆ ಸಂಜೆ ಅವನ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತರು. ಒಳಗೆ ಬಾ ಎಂದರೂ ಬರಲಿಲ್ಲ.

“ಸರ, ನಮ್ಮ ಹುಡುಗ ಇರೋ ತೋಪು ಅರವತ್ತು ವರ್ಷದ್ದಂತ. ಟಿವ್ಯಾಗ ಹೇಳಾಕತ್ತಾರ. ಅಂಥಾ ಹಳೇ ಸಾಮಾನು ಕೈಯಾಗ ಕೊಟ್ಟು ನಿಲ್ಲಿಸ್ಯಾರಲ್ರಿ, ಅದು ಕೆಲಸಾ ಮಾಡತೈತೇನ್ರಿ?”

“ಮಾಡತೈತವ್ವಾ, ಅಂಜಬ್ಯಾಡ” ಎಂದೆ. ಆದರೆ ಹೇಳಿದ ಮೇಲೆ ನನಗೇ ಅನುಮಾನ ಬಂತು. ಏಕೆ ಮಾಡುತ್ತದೆ? ಹೇಗೆ ಮಾಡುತ್ತದೆ? ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಬರೀ ಸಮಾಧಾನದ ಮಾತು ಹೇಳಿ ಕೈತೊಳೆದುಕೊಳ್ಳಬಾರದು. ಆ ತಾಯಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಂಟನೆಯ ತರಗತಿಯ ಲೆಕ್ಕ ಬಲ್ಲ ಯಾರಿಗೂ ಇದು ಅರ್ಥವಾಗುತ್ತದೆ.

ಕೋಟೆ ಓಡುವುದಿಲ್ಲ

ಕೊಪ್ಪಳದ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. 1790ರಲ್ಲಿ ಈ ಕೋಟೆ ಟಿಪ್ಪು ಸುಲ್ತಾನನ ವಶದಲ್ಲಿದ್ದಾಗ ಬ್ರಿಟಿಷರ ಮತ್ತು ನಿಜಾಮನ ಸೈನ್ಯ ಬಂದು ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ಮುತ್ತಿಗೆ ನಡೆಯಿತು. ಅಂದಿನ ತೋಪುಗಾರನಿಗೆ ಒಂದು ಅನುಕೂಲವಿತ್ತು: ಗೋಡೆ ಓಡುವುದಿಲ್ಲ. ಇವತ್ತು ತಪ್ಪಿದ ಗುಂಡನ್ನು ನಾಳೆ ಸರಿಪಡಿಸಿಕೊಳ್ಳಬಹುದು. ತೋಪಿನ ಬಾಯಿಯನ್ನು ಒಂದಿಷ್ಟು ಮೇಲೆತ್ತಿ, ಒಂದಿಷ್ಟು ಬಲಕ್ಕೆ ಸರಿಸಿ ಮತ್ತೆ ಹೊಡೆಯಬಹುದು.

ವಿಮಾನ ಹಾಗಲ್ಲ. ಅದು ತೋಪಿನ ವ್ಯಾಪ್ತಿಯೊಳಗೆ ಬಂದು ದಾಟಿಹೋಗಲು ಕೆಲವೇ ಸೆಕೆಂಡುಗಳು ಸಾಕು. ಅಷ್ಟರಲ್ಲಿ ಕಂಡುಹಿಡಿಯಬೇಕು, ಗುರಿಯಿಡಬೇಕು, ಹೊಡೆಯಬೇಕು. ತಪ್ಪಿದರೆ ಎರಡನೆಯ ಅವಕಾಶವಿಲ್ಲ.

ನಮ್ಮ ಕಡೆ ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಕಾಯುವ ರೂಢಿಯಿತ್ತು. ನಾನೂ ಚಿಕ್ಕವನಿದ್ದಾಗ ಕವಣೆ ಹಿಡಿದು ಕಾದವನೇ. ಹಾರುವ ಹಕ್ಕಿಗೆ ಗುರಿಯಿಟ್ಟು ಬೀಸಿದ ಕಲ್ಲು ಪ್ರತಿಸಲ ಅದರ ಬೆನ್ನ ಹಿಂದೆಯೇ ಹೋಗುತ್ತಿತ್ತು. ಪಕ್ಕದ ಹೊಲದ ಮುದುಕ ಒಬ್ಬರು ನಕ್ಕು ಹೇಳಿದ್ದರು: “ಹಕ್ಕಿ ಇರೋ ಕಡೆ ಒಗೀಬ್ಯಾಡೋ ತಮ್ಮಾ, ಹೋಗೋ ಕಡೆ ಒಗಿ.”

ವಿಮಾನವನ್ನು ಹೊಡೆಯುವ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿದೆ. ಅದನ್ನೇ ಅಂಕಿಗಳಲ್ಲಿ ನೋಡೋಣ.

ಗಂಟೆಗೆ 900 ಕಿ.ಮೀ. ವೇಗದ ಒಂದು ವಿಮಾನ. ಅಂದರೆ ಸೆಕೆಂಡಿಗೆ 250 ಮೀಟರ್. ಅದು ತೋಪಿನಿಂದ 3 ಕಿ.ಮೀ. ದೂರದಲ್ಲಿ ಅಡ್ಡವಾಗಿ ಹಾರುತ್ತಿದೆ. ತೋಪಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,000 ಮೀಟರ್. ಗಾಳಿಯ ತಡೆ ಇಲ್ಲವೇ ಇಲ್ಲ ಎಂದುಕೊಂಡರೂ ಗುಂಡು ಅಲ್ಲಿಗೆ ಮುಟ್ಟಲು 3 ಸೆಕೆಂಡು ಬೇಕು. ಆ 3 ಸೆಕೆಂಡಿನಲ್ಲಿ ವಿಮಾನ 750 ಮೀಟರ್ ಮುಂದೆ ಹೋಗಿರುತ್ತದೆ! ಗಾಳಿಯ ತಡೆಯನ್ನು ಸೇರಿಸಿದರೆ ಈ ಅಂತರ ಇನ್ನೂ ಹೆಚ್ಚುತ್ತದೆ. ಇಷ್ಟು ಸಾಲದೆಂಬಂತೆ, ಭೂಮಿಯ ಗುರುತ್ವ ಅದೇ 3 ಸೆಕೆಂಡಿನಲ್ಲಿ ಗುಂಡನ್ನು ಸುಮಾರು 44 ಮೀಟರ್ ಕೆಳಕ್ಕೆ ಎಳೆದಿರುತ್ತದೆ. ಅಂದರೆ ತೋಪುಗಾರನು ವಿಮಾನವನ್ನು ನೋಡುತ್ತ, ಅದರಿಂದ ಮುಕ್ಕಾಲು ಕಿ.ಮೀ. ಮುಂದಿರುವ, ಏನೂ ಇಲ್ಲದ ಬರಿ ಆಕಾಶಕ್ಕೆ ಗುಂಡು ಹೊಡೆಯಬೇಕು.

ಸ್ವೀಡನ್ ದೇಶದ ತೋಪು

ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಯುದ್ಧಕ್ಕೆ ಇಳಿದವು. ನೆಲದ ಮೇಲಿನ ತೋಪುಗಳನ್ನೇ ಆಕಾಶಕ್ಕೆ ತಿರುಗಿಸಿ ಹೊಡೆದು ನೋಡಿದರು, ಫಲ ಕಡಿಮೆ. ದೊಡ್ಡ ತೋಪಿನ ಗುಂಡು ದೂರ ಹೋಗುತ್ತಿತ್ತು, ಆದರೆ ಮತ್ತೆ ತುಂಬಿಸುವಷ್ಟರಲ್ಲಿ ವಿಮಾನ ಮಾಯ. ಮೆಷಿನ್‌ಗನ್ ಬೇಗಬೇಗ ಹೊಡೆಯುತ್ತಿತ್ತು, ಆದರೆ ಅದರ ಚಿಕ್ಕ ಗುಂಡು ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಇವೆರಡರ ನಡುವಿನ ಒಂದು ಆಯುಧ ಬೇಕಾಗಿತ್ತು: ಒಂದೇ ಪೆಟ್ಟಿಗೆ ವಿಮಾನವನ್ನು ಕೆಡವುವಷ್ಟು ದೊಡ್ಡ ಗುಂಡು, ಆದರೆ ಮೆಷಿನ್‌ಗನ್ನಿನಂತೆ ತಾನೇ ತುಂಬಿಕೊಂಡು ತಾನೇ ಹೊಡೆಯುವ ಯಂತ್ರ. ಇದನ್ನೇ ಸ್ವಯಂಚಾಲಿತ ತೋಪು ಎನ್ನುತ್ತಾರೆ.

ಇಂಥ ತೋಪಿಗಾಗಿ ಸ್ವೀಡನ್ನಿನ ನೌಕಾಪಡೆ 1928ರಲ್ಲಿ ಬೋಫೋರ್ಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಡೈನಮೈಟ್ ಕಂಡುಹಿಡಿದ, ಮುಂದೆ ತನ್ನ ಹೆಸರಿನ ಬಹುಮಾನ ಸ್ಥಾಪಿಸಿದ ಆಲ್ಫ್ರೆಡ್ ನೊಬೆಲ್ 1894ರಲ್ಲಿ ಕೊಂಡುಕೊಂಡಿದ್ದ ಕಾರ್ಖಾನೆ ಇದೇ. 1930ರ ದಶಕದ ಮೊದಲ ವರ್ಷಗಳಲ್ಲಿ ತೋಪು ಸಿದ್ಧವಾಯಿತು. ನಳಿಕೆಯ ಒಳವ್ಯಾಸ 40 ಮಿ.ಮೀ. ಗುಂಡಿನ ತೂಕ ಸುಮಾರು 900 ಗ್ರಾಂ. ನಿಮಿಷಕ್ಕೆ ಸುಮಾರು 120 ಗುಂಡು. ನಳಿಕೆಯ ಉದ್ದ ಅದರ ವ್ಯಾಸದ ಸುಮಾರು 60 ಪಟ್ಟು ಎಂಬ ಲೆಕ್ಕದಲ್ಲಿ ಇದಕ್ಕೆ ‘ಎಲ್-60’ ಎಂಬ ಹೆಸರು ರೂಢಿಗೆ ಬಂತು.

ಸ್ವೀಡನ್ ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿತ್ತು. ಆದರೆ ಅದರ ತೋಪು ತಟಸ್ಥವಾಗಿ ಉಳಿಯಲಿಲ್ಲ. ಬ್ರಿಟನ್ ಅದನ್ನು ಕೊಂಡಿತು, ಅಮೆರಿಕ ತನ್ನಲ್ಲೇ ತಯಾರಿಸಿತು, ಜರ್ಮನಿ ತಾನು ವಶಪಡಿಸಿಕೊಂಡದ್ದನ್ನು ಬಳಸಿತು, ಜಪಾನ್ ಕೈಗೆ ಸಿಕ್ಕದ್ದನ್ನು ನೋಡಿ ನಕಲು ಮಾಡಿತು. ಆಯುಧಕ್ಕೆ ಪಕ್ಷವಿಲ್ಲ, ಅದನ್ನು ಹಿಡಿದವರಿಗೆ ಮಾತ್ರ ಪಕ್ಷವಿರುತ್ತದೆ.

ಅಮೆರಿಕದವರ ಅನುಭವ ಕೇಳಬೇಕಾದದ್ದು. ಸ್ವೀಡನ್ನಿನ ನಕ್ಷೆಗಳಲ್ಲಿ ಹಲವು ಕಡೆ ‘ಜೋಡಿಸುವಾಗ ಅರದಿಂದ ಉಜ್ಜಿ ಸರಿಹೊಂದಿಸಿ’ ಎಂಬ ಅರ್ಥದ ಸೂಚನೆಗಳಿದ್ದವು. ಅಂದರೆ ನುರಿತ ಕುಶಲಕರ್ಮಿ ಒಂದೊಂದು ಭಾಗವನ್ನೂ ಕೈಯಿಂದಲೇ ತಿದ್ದಿ ಕೂಡಿಸಬೇಕು. ನಮ್ಮ ಕಿನ್ನಾಳದ ಕಲಾವಿದರು ಗೊಂಬೆ ಮಾಡುವುದೂ ಹೀಗೆಯೇ. ಒಂದು ಗೊಂಬೆಯ ಕೈಯನ್ನು ಇನ್ನೊಂದಕ್ಕೆ ಕೂಡಿಸಿದರೆ ಹೊಂದುವುದಿಲ್ಲ. ಯುದ್ಧಕಾಲದಲ್ಲಿ ಸಾವಿರಾರು ತೋಪು ಬೇಕಾದಾಗ ಇದು ನಡೆಯುವಂತಿರಲಿಲ್ಲ. ಕಾರು ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು ನಕ್ಷೆಗಳನ್ನೆಲ್ಲ ಮತ್ತೆ ಬರೆದು, ಯಾವ ಭಾಗ ಯಾವ ತೋಪಿಗಾದರೂ ಹೊಂದುವಂತೆ ಮಾಡಿದರು. ಅಳತೆಯ ಖಚಿತತೆ ಎಂಬುದು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಇರುವ ವಿಷಯವಲ್ಲ!

ಒದೆತವೇ ಇಲ್ಲಿ ಕೆಲಸದಾಳು

ತೋಪು ತಾನೇ ಹೇಗೆ ತುಂಬಿಕೊಳ್ಳುತ್ತದೆ? ಇದಕ್ಕೆ ನ್ಯೂಟನ್ನನ ಮೂರನೆಯ ನಿಯಮ ಸಾಕು. ಗುಂಡು ಮುಂದಕ್ಕೆ ಹೋಗುವಾಗ ನಳಿಕೆ ಹಿಂದಕ್ಕೆ ಒದೆಯುತ್ತದೆ. ಹಳೆಯ ಕಾಲದ ತೋಪಿನಲ್ಲಿ ಈ ಒದೆತ ದೊಡ್ಡ ತಲೆನೋವು. ಪ್ರತಿ ಹೊಡೆತಕ್ಕೂ ತೋಪು ಹಿಂದೆ ಸರಿಯುತ್ತಿತ್ತು, ಮತ್ತೆ ತಳ್ಳಿ ನಿಲ್ಲಿಸಬೇಕಿತ್ತು. ಬೋಫೋರ್ಸ್ ತೋಪಿನಲ್ಲಿ ಆ ಒದೆತವನ್ನೇ ಕೆಲಸಕ್ಕೆ ಹಚ್ಚಿದರು.

ನಳಿಕೆ ಹಿಂದೆ ಸರಿಯುವಾಗ ಸ್ಪ್ರಿಂಗನ್ನು ಅದುಮುತ್ತದೆ. ಅದೇ ಚಲನೆಯಲ್ಲಿ ಹಿಂಭಾಗದ ಬಾಗಿಲು ಕೆಳಕ್ಕೆ ಜಾರಿ ತೆರೆಯುತ್ತದೆ, ಸುಟ್ಟ ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ. ಅದುಮಿದ ಸ್ಪ್ರಿಂಗು ನಳಿಕೆಯನ್ನು ಮುಂದಕ್ಕೆ ನೂಕುತ್ತದೆ. ಹೊಸ ಗುಂಡು ಒಳಗೆ ಕೂರುತ್ತದೆ, ಬಾಗಿಲು ಮುಚ್ಚುತ್ತದೆ, ಮತ್ತೆ ಹೊಡೆತ. ಸಿಬ್ಬಂದಿಯ ಕೆಲಸ ನಾಲ್ಕು ನಾಲ್ಕು ಗುಂಡುಗಳ ಗೊಂಚಲನ್ನು ಮೇಲಿನಿಂದ ಇಳಿಸುತ್ತ ಹೋಗುವುದು.

ಭಾಗ್ಯನಗರದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಪವರ್‌ಲೂಮ್ ನೋಡಿ. ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಹಾಯುತ್ತದೆ, ಹಣಿಗೆ ಬಡಿಯುತ್ತದೆ, ಎಳೆಗಳು ಮತ್ತೆ ಬಾಯಿ ತೆರೆಯುತ್ತವೆ. ಒಂದು ಚಲನೆ ಮುಗಿಯುವುದೇ ಇನ್ನೊಂದರ ಆರಂಭ. ಮಗ್ಗಕ್ಕೆ ಮೋಟಾರು ಶಕ್ತಿ ಕೊಡುತ್ತದೆ; ತೋಪಿಗೆ ಹಿಂದಿನ ಗುಂಡೇ ಮುಂದಿನ ಗುಂಡನ್ನು ತುಂಬುವ ಶಕ್ತಿ ಕೊಡುತ್ತದೆ. ಅಷ್ಟೇ ವ್ಯತ್ಯಾಸ.

ಯುದ್ಧದ ಕೊನೆಗೆ ಜೆಟ್ ವಿಮಾನಗಳು ಬಂದವು. ವೇಗ ಹೆಚ್ಚಿದ್ದರಿಂದ ಹಳೆಯ ತೋಪು ಸಾಲದಾಯಿತು. ಬೋಫೋರ್ಸ್ ಹೊಸ ತೋಪೊಂದನ್ನು ರೂಪಿಸಿತು. ವ್ಯಾಸ ಅದೇ 40 ಮಿ.ಮೀ.; ನಳಿಕೆಯ ಉದ್ದ 70 ಪಟ್ಟು, ಅಂದರೆ 2.8 ಮೀಟರ್. ಗುಂಡಿನ ವೇಗ ಸೆಕೆಂಡಿಗೆ 1,000 ಮೀಟರಿಗೂ ತುಸು ಹೆಚ್ಚು. ನಿಮಿಷಕ್ಕೆ 240 ಗುಂಡು. ಅಂದರೆ ಹಳೆಯದರ ಎರಡು ಪಟ್ಟು. ಕೈಯಿಂದ ತಿರುಗಿಸುವ ಬದಲು ತನ್ನದೇ ಜನರೇಟರಿನ ಶಕ್ತಿಯಿಂದ ತಿರುಗುವ ವ್ಯವಸ್ಥೆ. 1948ರಲ್ಲಿ ಸ್ವೀಡನ್ ಇದನ್ನು ಒಪ್ಪಿಕೊಂಡಿತು. 1953ರಲ್ಲಿ ನೇಟೋ ದೇಶಗಳು ಇದನ್ನೇ ತಮ್ಮ ಪ್ರಮಾಣಿತ ತೋಪಾಗಿ ಆರಿಸಿಕೊಂಡವು. ಇದೇ ‘ಎಲ್-70’. ನಮ್ಮ ಓಣಿಯ ಹುಡುಗನ ತೋಪು.

ಲೆಕ್ಕ ಮಾಡುವ ಪೆಟ್ಟಿಗೆ

ಒಳ್ಳೆಯ ತೋಪು ಸಿಕ್ಕಿತು. ಆದರೆ ಮುಕ್ಕಾಲು ಕಿ.ಮೀ. ಮುಂದೆ ಗುರಿಯಿಡುವ ಲೆಕ್ಕವನ್ನು ಮಾಡುವವರು ಯಾರು? ಕಾಗದ, ಪೆನ್ಸಿಲ್ ಹಿಡಿದು ಕೂತರೆ ಉತ್ತರ ಬರುವಷ್ಟರಲ್ಲಿ ವಿಮಾನ ಬಾಂಬು ಹಾಕಿ ಮನೆಗೆ ಮರಳಿರುತ್ತದೆ.

ಬ್ರಿಟಿಷ್ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಕೆರಿಸನ್ ಎಂಬವರು ಇದಕ್ಕೊಂದು ಪೆಟ್ಟಿಗೆ ರೂಪಿಸಿದರು. ಸಿಬ್ಬಂದಿ ದುರ್ಬೀನಿನಲ್ಲಿ ವಿಮಾನವನ್ನು ಹಿಂಬಾಲಿಸುತ್ತಿದ್ದರೆ ಸಾಕು. ಪೆಟ್ಟಿಗೆಯೊಳಗಿನ ಚಕ್ರಗಳು, ಹಲ್ಲುಗಾಲಿಗಳು ತಿರುಗಿ ಮುಂದಿನ ಸ್ಥಾನವನ್ನು ಲೆಕ್ಕ ಮಾಡಿ, ಮೋಟಾರುಗಳ ಮೂಲಕ ತೋಪನ್ನೇ ಆ ಕಡೆಗೆ ತಿರುಗಿಸುತ್ತಿದ್ದವು. ಸಿಲಿಕಾನ್ ಚಿಪ್ ಹುಟ್ಟುವ ಮೊದಲೇ ಇದ್ದ ಗಣಕಯಂತ್ರ ಅದು. ಅದರ ದೌರ್ಬಲ್ಯವೂ ಸರಳ: ವಿಮಾನ ಒಂದೇ ವೇಗದಲ್ಲಿ, ನೇರವಾಗಿ ಹೋಗುತ್ತದೆ ಎಂದು ಅದು ನಂಬಿತ್ತು. ಪೈಲಟ್ ಸುಮ್ಮನೆ ನೇರ ಹೋಗುತ್ತಾನೆಯೇ? ಅವನಿಗೂ ಜೀವದ ಆಸೆ.

ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಯುದ್ಧಕಾಲದಲ್ಲಿ ಈ ಸಮಸ್ಯೆಯನ್ನೇ ಹಿಡಿದು ಕೂತರು. ಇದುವರೆಗಿನ ಚಲನೆಯಿಂದ ಮುಂದಿನ ಚಲನೆಯನ್ನು ಊಹಿಸುವುದು ಹೇಗೆ? ತಪ್ಪನ್ನು ಗಮನಿಸುತ್ತ ಗಮನಿಸುತ್ತ ಯಂತ್ರ ತನ್ನನ್ನು ತಾನೇ ಹೇಗೆ ತಿದ್ದಿಕೊಳ್ಳಬೇಕು? ಈ ಚಿಂತನೆಯಿಂದ 1948ರಲ್ಲಿ ‘ಸೈಬರ್ನೆಟಿಕ್ಸ್’ ಎಂಬ ಹೊಸ ಶಾಸ್ತ್ರವೇ ಹೊರಬಂತು. ಇಂದು ‘ಸೈಬರ್’ ಎಂದು ಶುರುವಾಗುವ ಎಷ್ಟೋ ಮಾತುಗಳ ಬೇರು ಅಲ್ಲಿದೆ. ತೋಪಿನ ಗುರಿಗಾಗಿ ಹೊರಟ ಗಣಿತ ಎಲ್ಲೆಲ್ಲಿಗೋ ಹೋಗಿ ಮುಟ್ಟಿತು.

ಭಾರತಕ್ಕೆ ಬಂದದ್ದು

‘ಬೋಫೋರ್ಸ್’ ಎಂದ ಕೂಡಲೇ ನನ್ನ ವಯಸ್ಸಿನವರಿಗೆ ನೆನಪಾಗುವುದು ಬೇರೆಯೇ ಕಥೆ. 1986ರಲ್ಲಿ ಭಾರತ ಕೊಂಡದ್ದು 155 ಮಿ.ಮೀ. ವ್ಯಾಸದ ಹೊವಿಟ್ಜರ್. ನೆಲದ ಮೇಲಿನ ದೂರದ ಗುರಿಗೆ, ಬೆಟ್ಟದಾಚೆಗೆ ಹೊಡೆಯುವ ತೋಪು ಅದು. ಲಂಚದ ಆರೋಪ ಎದ್ದದ್ದು 1987ರಲ್ಲಿ. ಕಾರ್ಗಿಲ್ಲಿನಲ್ಲಿ ಅದು ಹೆಸರು ಮಾಡಿದ್ದು 1999ರಲ್ಲಿ. ನಾವು ಮಾತಾಡುತ್ತಿರುವ ಎಲ್-70 ಅದೇ ಕಂಪನಿಯದಾದರೂ ಬೇರೆ ತೋಪು. ಅದು ನಮ್ಮ ಸೈನ್ಯಕ್ಕೆ ಬಂದದ್ದು 1960ರ ದಶಕದಲ್ಲಿಯೇ. ಅದಕ್ಕೂ ಮುಂಚೆ ಎಲ್-60 ನಮ್ಮಲ್ಲಿತ್ತು. ವಿಮಾನವಾಹಕ ನೌಕೆ ವಿಕ್ರಾಂತ್ 1961ರಲ್ಲಿ ನಮ್ಮ ನೌಕಾಪಡೆ ಸೇರಿದಾಗ ಅದರ ಮೇಲಿದ್ದುದೂ 40 ಮಿ.ಮೀ. ಬೋಫೋರ್ಸ್ ತೋಪುಗಳೇ.

ವಿಮಾನ ನಿಲ್ದಾಣ, ಸೇತುವೆ, ರೇಡಾರ್ ಕೇಂದ್ರಗಳನ್ನು ಕಾಯುವ ಈ ಕೆಲಸ ಮೊದಲು ತೋಪುಪಡೆಯ ಒಂದು ಭಾಗವಾಗಿತ್ತು. 1994ರ ಜನವರಿಯಲ್ಲಿ ಸೈನ್ಯದ ವಾಯುರಕ್ಷಣಾ ದಳ ಪ್ರತ್ಯೇಕವಾಯಿತು. ಒಡಿಶಾದ ಗೋಪಾಲಪುರದಲ್ಲಿ ಅದರ ಕಾಲೇಜಿದೆ. ‘ಆಕಾಶೇ ಶತ್ರೂನ್ ಜಹಿ’, ಅಂದರೆ ಆಕಾಶದಲ್ಲಿರುವ ಶತ್ರುವನ್ನು ಸಂಹರಿಸು ಎಂಬುದು ದಳದ ಧ್ಯೇಯವಾಕ್ಯ.

ಜಾಲಹಳ್ಳಿಯಿಂದ ಬಂದ ಕಣ್ಣು

ಇಲ್ಲಿ ನಮ್ಮ ಕರ್ನಾಟಕದ ಪಾತ್ರ ಶುರುವಾಗುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಯಾರಿಗೆ ಗೊತ್ತಿಲ್ಲ? ನಾವು ಮತ ಹಾಕುವ ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದೂ ಒಂದು. ಎಲ್-70ಕ್ಕೆ ಕಣ್ಣು ಕೊಟ್ಟದ್ದೂ ಅದೇ ಸಂಸ್ಥೆ.

ಅಂಥ ಒಂದು ಕಣ್ಣು ‘ಫ್ಲೈಕ್ಯಾಚರ್’ ಎಂಬ ರೇಡಾರ್. ಹಾಲೆಂಡಿನ ತಂತ್ರಜ್ಞಾನ ಪಡೆದು ಬಿಇಎಲ್ ಅದನ್ನು ತಯಾರಿಸಿತು. ಹಾರುತ್ತಲೇ ನೊಣ ಹಿಡಿಯುವ ಪುಟ್ಟ ಹಕ್ಕಿಯ ಹೆಸರು ಅದು. ರೇಡಾರ್ ಕಳಿಸಿದ ರೇಡಿಯೋ ಅಲೆ ವಿಮಾನಕ್ಕೆ ಬಡಿದು ಮರಳುತ್ತದೆ. ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ವಿಮಾನ 15 ಕಿ.ಮೀ. ದೂರದಲ್ಲಿದ್ದರೆ ಅಲೆ ಹೋಗಿಬರುವ ದಾರಿ 30 ಕಿ.ಮೀ.; ಹಿಡಿಯುವ ಕಾಲ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ. ಈ ಕಾಲವನ್ನು ಅಳೆದರೆ ದೂರ ಸಿಕ್ಕಿತು. ಬಾವಿಯಲ್ಲಿ ಕೂಗಿ ಪ್ರತಿಧ್ವನಿ ಕೇಳಿದ ಮಕ್ಕಳಿಗೆ ಇದು ಹೊಸದಲ್ಲ.

ಆದರೂ ತೋಪು ಹಳೆಯದಾಗುತ್ತಿತ್ತು. ಹೊಸದನ್ನು ಕೊಳ್ಳುವ ಬದಲು ಇದ್ದದ್ದನ್ನೇ ನವೀಕರಿಸುವ ದಾರಿಯನ್ನು ಆರಿಸಲಾಯಿತು. ಆ ಕೆಲಸವೂ ಬಿಇಎಲ್ ಪಾಲಿಗೆ ಬಂತು. ನಳಿಕೆಯ ಮೂಲ ವಿನ್ಯಾಸ, ತಾನೇ ತುಂಬಿಕೊಳ್ಳುವ ಯಂತ್ರ ಹಾಗೆಯೇ ಉಳಿದವು. ಬದಲಾದದ್ದು ಅವುಗಳ ಸುತ್ತಲಿನದು. ತೋಪನ್ನು ತಿರುಗಿಸುತ್ತಿದ್ದ ಎಣ್ಣೆಯ ಒತ್ತಡದ ವ್ಯವಸ್ಥೆ ಹೋಗಿ ವಿದ್ಯುತ್ ಮೋಟಾರು ಬಂತು. ಹಗಲಿಗೆ ಟಿವಿ ಕ್ಯಾಮೆರಾ. ರಾತ್ರಿಗೆ, ವಸ್ತುವಿನ ಶಾಖವನ್ನೇ ಚಿತ್ರವಾಗಿ ತೋರಿಸುವ ಉಷ್ಣ ಕ್ಯಾಮೆರಾ. ದೂರ ಅಳೆಯಲು ಲೇಸರ್. ಇವೆಲ್ಲವನ್ನೂ ಕೂಡಿಸಿ, ಒಮ್ಮೆ ಗುರಿ ಹಿಡಿದರೆ ಅದನ್ನು ತಾನೇ ಹಿಂಬಾಲಿಸುತ್ತ ಲೆಕ್ಕ ಮಾಡುವ ಕಂಪ್ಯೂಟರ್.

ಇನ್ನೊಂದು ಸಣ್ಣ ಉಪಕರಣವಿದೆ. ನಳಿಕೆಯಿಂದ ಹೊರಬೀಳುವ ಗುಂಡಿನ ವೇಗವನ್ನು ಅಳೆಯುವ ರೇಡಾರ್. ಅದೇಕೆ ಬೇಕು? ನಳಿಕೆ ಸವೆದಂತೆ, ಮದ್ದು ಕಾಯ್ದಂತೆ ಅಥವಾ ತಣ್ಣಗಾದಂತೆ ವೇಗ ಒಂದಿಷ್ಟು ಬದಲಾಗುತ್ತದೆ. ನೂರಕ್ಕೆ ಒಂದರಷ್ಟು ತಗ್ಗಿತೆನ್ನಿ. 3 ಕಿ.ಮೀ. ದೂರಕ್ಕೆ ಗುಂಡು 0.03 ಸೆಕೆಂಡು ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ನಮ್ಮ ಲೆಕ್ಕದ ವಿಮಾನ ಏಳೂವರೆ ಮೀಟರ್ ಮುಂದೆ ಹೋಗಿರುತ್ತದೆ! “ಸರ, ದಶಾಂಶದ ಎರಡನೇ ಸ್ಥಾನ ಬರೆಯದಿದ್ದರೆ ಏನಾಗುತ್ತದೆ?” ಎಂದು ಕೇಳುವ ಮಕ್ಕಳಿಗೆ ನಾನು ಈಗ ಈ ಉದಾಹರಣೆ ಕೊಡುತ್ತೇನೆ.

ನವೀಕರಿಸಿದ ಈ ತೋಪುಗಳನ್ನು 2021ರ ಅಕ್ಟೋಬರಿನಲ್ಲಿ ಅರುಣಾಚಲ ಪ್ರದೇಶದ ಗಡಿಯ ಬೆಟ್ಟಗಳಲ್ಲಿ ಪತ್ರಕರ್ತರಿಗೆ ತೋರಿಸಲಾಯಿತು. ತೋಪಿನ ಪಕ್ಕದಲ್ಲಿ ನಿಂತು ಅದರ ಕೆಲಸ ವಿವರಿಸಿದವರು ಯುವ ಮಹಿಳಾ ಅಧಿಕಾರಿ. ನಮ್ಮ ಶಾಲೆಗಳ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ಹತ್ತಿರ ಹೋದರೂ ಸಾಕು

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಸೆಕೆಂಡಿಗೆ 4 ಗುಂಡು ಎಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ಕಾಲು ಸೆಕೆಂಡಿನ ಅಂತರ. ಆ ಅಂತರದಲ್ಲಿ ಜೆಟ್ ವಿಮಾನ 62 ಮೀಟರ್ ದಾಟುತ್ತದೆ. ಎರಡು ಗುಂಡುಗಳ ನಡುವೆ ನುಸುಳಿ ಹೋಗುವುದು ಅದಕ್ಕೆ ಕಷ್ಟವಲ್ಲ.

ಹಾಗಾದರೆ ಗುಂಡು ಗುರಿಗೆ ತಾಕಲೇಬೇಕೇ? ಹತ್ತಿರ ಹೋದಾಗ ತಾನೇ ಸಿಡಿದರೆ ಸಾಲದೇ? ಈ ಯೋಚನೆಯಿಂದ ಹುಟ್ಟಿದ್ದು ಸಾಮೀಪ್ಯ ಫ್ಯೂಜ್. ಗುಂಡಿನ ಮೂತಿಯಲ್ಲಿ ಪುಟ್ಟ ರೇಡಿಯೋ ಇರುತ್ತದೆ. ಹತ್ತಿರದ ವಸ್ತುವಿನಿಂದ ಅಲೆ ಮರಳಿದ ಕೂಡಲೇ ಗುಂಡು ಸಿಡಿದು ಚೂರುಗಳನ್ನು ಎರಚುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಇದನ್ನು ದೊಡ್ಡ ತೋಪುಗಳಿಗೆ ಅಳವಡಿಸಿದರು. 40 ಮಿ.ಮೀ. ಗುಂಡಿನಲ್ಲಿ ಕೂರುವಷ್ಟು ಚಿಕ್ಕದಾಗಲು ಮತ್ತೆ ಹಲವು ವರ್ಷ ಬೇಕಾಯಿತು.

ಎಷ್ಟು ಕಷ್ಟದ ಕೆಲಸ ಇದು ಎಂಬುದಕ್ಕೆ ಒಂದು ಲೆಕ್ಕ. 2.8 ಮೀಟರ್ ನಳಿಕೆಯೊಳಗೆ ಗುಂಡು ಸೊನ್ನೆಯಿಂದ 1,000 ಮೀಟರ್ ವೇಗಕ್ಕೆ ಏರಬೇಕು. ವೇಗೋತ್ಕರ್ಷದ ಸೂತ್ರ ಹಾಕಿದರೆ ಉತ್ತರ ಗುರುತ್ವದ ಸುಮಾರು 18 ಸಾವಿರ ಪಟ್ಟು! ನಮ್ಮ ಮನೆಯ ರೇಡಿಯೋ ಮೇಜಿನಿಂದ ಬಿದ್ದರೇ ಮಾತು ನಿಲ್ಲಿಸುತ್ತದೆ. ಇಷ್ಟು ದೊಡ್ಡ ಒದೆತ ತಿಂದೂ ಕೆಲಸ ಮಾಡುವ ರೇಡಿಯೋ ಕಟ್ಟಿದವರ ಜಾಣ್ಮೆಯನ್ನು ಊಹಿಸಿ.

ಮುದಿ ತೋಪು, ಹೊಸ ಶತ್ರು

ಈಗ ಮತ್ತೆ 2025ರ ಮೇ ತಿಂಗಳಿಗೆ ಬರೋಣ. ಪಹಲ್ಗಾಮ್ ಹತ್ಯೆಯ ನಂತರ ಮೇ 7ರಂದು ಭಾರತ ‘ಆಪರೇಷನ್ ಸಿಂಧೂರ’ ನಡೆಸಿತು. ಮೇ 8ರ ರಾತ್ರಿ ಪಾಕಿಸ್ತಾನದ ಕಡೆಯಿಂದ 36 ಸ್ಥಳಗಳ ಮೇಲೆ ಸುಮಾರು 300ರಿಂದ 400 ಡ್ರೋನುಗಳು ಬಂದವೆಂದು ನಮ್ಮ ಸರ್ಕಾರ ಹೇಳಿತು. ಅವನ್ನು ಎದುರಿಸಿದವುಗಳಲ್ಲಿ ಆಕಾಶ್ ಕ್ಷಿಪಣಿಯಂಥ ಹೊಸ ಅಸ್ತ್ರಗಳ ಜೊತೆ ಎಲ್-70 ಕೂಡ ಇತ್ತು. ಮೇ 10ರಂದು ಗುಂಡಿನ ಸದ್ದು ನಿಂತಾಗ ಮುದಿ ತೋಪಿನ ಹೆಸರು ದೇಶಕ್ಕೆಲ್ಲ ಗೊತ್ತಾಗಿತ್ತು.

ಜೆಟ್ ವಿಮಾನಕ್ಕೆಂದು ಹುಟ್ಟಿದ ತೋಪು ಡ್ರೋನಿಗೆ ಹೇಗೆ ಹೊಂದಿತು? ಕಾರಣ ಮೂರು.

ಒಂದು, ವೇಗ. ಗಂಟೆಗೆ 180 ಕಿ.ಮೀ. ವೇಗದ ಡ್ರೋನ್ ಸೆಕೆಂಡಿಗೆ ಹೋಗುವುದು 50 ಮೀಟರ್ ಮಾತ್ರ. 2 ಕಿ.ಮೀ. ದೂರದಲ್ಲಿ ಅದಕ್ಕಿಂತ ಸುಮಾರು 100 ಮೀಟರ್ ಮುಂದೆ ಗುರಿಯಿಟ್ಟರೆ ಆಯಿತು. ಎರಡು ಗುಂಡುಗಳ ನಡುವೆ ಅದು ದಾಟುವುದು ಹನ್ನೆರಡೂವರೆ ಮೀಟರ್. ಜೆಟ್ ವಿಮಾನಕ್ಕೆ ಹೋಲಿಸಿದರೆ ಇದು ಸುಲಭದ ಲೆಕ್ಕ; ಕಷ್ಟವಿರುವುದು ಅಷ್ಟು ಚಿಕ್ಕದನ್ನು ಕತ್ತಲಲ್ಲಿ ಕಾಣುವುದರಲ್ಲಿ. ಆ ಕಷ್ಟವನ್ನೇ ಹೊಸ ಕಣ್ಣುಗಳು ಕಳೆದವು.

ಎರಡು, ಖರ್ಚು. ಅಗ್ಗದ ಡ್ರೋನುಗಳನ್ನು ಗುಂಪುಗುಂಪಾಗಿ ಕಳಿಸುವವನ ಉದ್ದೇಶವೇ ನಾವು ದುಬಾರಿ ಕ್ಷಿಪಣಿಗಳನ್ನು ಖಾಲಿಮಾಡಿಕೊಳ್ಳಲಿ ಎಂಬುದು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಗುಬ್ಬಿಗೇ ಲಾಭ. ತೋಪಿನ ಗುಂಡು ಕ್ಷಿಪಣಿಗಿಂತ ಬಹಳ ಅಗ್ಗ, ಸಂಗ್ರಹವೂ ಹೆಚ್ಚು.

ಮೂರು, ತೋಪು ಒಂಟಿಯಲ್ಲ. ಎಲ್ಲೆಲ್ಲಿ ಏನು ಹಾರುತ್ತಿದೆ ಎಂಬುದನ್ನು ಹಲವು ರೇಡಾರುಗಳಿಂದ ಒಟ್ಟುಗೂಡಿಸಿ ಯಾವ ತೋಪು ಯಾವುದನ್ನು ಹೊಡೆಯಬೇಕೆಂದು ತಿಳಿಸುವ ‘ಆಕಾಶ್‌ತೀರ್’ ವ್ಯವಸ್ಥೆಯನ್ನು ತಯಾರಿಸಿದ್ದೂ ಬಿಇಎಲ್. 2025ರ ಜುಲೈನಲ್ಲಿ, ವಾಯುರಕ್ಷಣಾ ತೋಪುಗಳಿಗೆ ಗುರಿ ತೋರುವ ಹೊಸ ರೇಡಾರುಗಳಿಗಾಗಿ ಸುಮಾರು 2,000 ಕೋಟಿ ರೂಪಾಯಿಗಳ ಒಪ್ಪಂದವನ್ನು ರಕ್ಷಣಾ ಸಚಿವಾಲಯ ಇದೇ ಸಂಸ್ಥೆಯ ಜೊತೆ ಮಾಡಿಕೊಂಡಿತು.

ಮೇಲೆ ಹೋದದ್ದು ಕೆಳಗೆ ಬರುತ್ತದೆ

ಹೊಗಳಿಕೆ ಸಾಕು, ಮಿತಿಗಳನ್ನೂ ಹೇಳಬೇಕು. ಎಲ್-70 ಪರಿಣಾಮಕಾರಿಯಾಗಿ ಹೊಡೆಯುವುದು ಸುಮಾರು 3.5 ಕಿ.ಮೀ. ದೂರಕ್ಕೆ. ಅದಕ್ಕಿಂತ ಎತ್ತರದಲ್ಲಿ, ದೂರದಲ್ಲಿ ಹಾರುವ ವಿಮಾನಕ್ಕೆ ಅದು ಏನೂ ಮಾಡಲಾರದು. ಅಲ್ಲಿಗೆ ಕ್ಷಿಪಣಿಯೇ ಬೇಕು. ತೋಪು ಕಾಯುವುದು ತನ್ನ ಅಂಗಳವನ್ನು ಮಾತ್ರ.

ಇನ್ನೊಂದು ಮಾತು. ಗುರಿಗೆ ತಾಕದ ಗುಂಡು ಎಲ್ಲಿಗೆ ಹೋಗುತ್ತದೆ? ಸಿಡಿಯದೆ ಕೆಳಗೆ ಬಿದ್ದರೆ ನಮ್ಮ ಊರಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಕೆಲವು ಸೆಕೆಂಡುಗಳ ನಂತರ ಗುಂಡು ಆಕಾಶದಲ್ಲೇ ತಾನಾಗಿ ಸಿಡಿಯುವ ಏರ್ಪಾಡು ಇರುತ್ತದೆ. ಆದರೂ ಚೂರುಗಳು ಬೀಳುತ್ತವೆ, ಹೊಡೆದ ಡ್ರೋನಿನ ಅವಶೇಷವೂ ಬೀಳುತ್ತದೆ. ಸೈರನ್ ಕೂಗಿದಾಗ ಮಾಳಿಗೆ ಹತ್ತಿ ಮೊಬೈಲಿನಲ್ಲಿ ಚಿತ್ರ ತೆಗೆಯಬೇಡಿ, ಒಳಗೆ ಹೋಗಿ ಎಂದು ಹೇಳುವುದು ಇದಕ್ಕಾಗಿಯೇ. ಟಿವಿಯಲ್ಲಿ ದೀಪಾವಳಿಯಂತೆ ಕಾಣುವ ಆ ಬೆಳಕಿನ ಗೆರೆಗಳ ಕೆಳಗೆ ಮನೆಗಳಿವೆ, ಮಕ್ಕಳಿದ್ದಾರೆ. ಇದು ಎರಡೂ ಕಡೆಯ ಮಕ್ಕಳಿಗೆ ಅನ್ವಯಿಸುವ ಮಾತು.

ಕೊನೆಯ ಮಾತು

ಕೆಲವು ತಿಂಗಳ ನಂತರ ಆ ಹುಡುಗ ರಜೆಯ ಮೇಲೆ ಊರಿಗೆ ಬಂದ. ಅವನು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ತೆಗೆದದ್ದು 38 ಅಂಕ. ಪಾಸಾಗಲು ಬೇಕಾದದ್ದಕ್ಕಿಂತ ಮೂರು ಹೆಚ್ಚು. ಆ ರಾತ್ರಿಗಳ ಬಗ್ಗೆ ಕೇಳಿದೆ. “ಅದನ್ನೆಲ್ಲಾ ಹೇಳೂಹಂಗಿಲ್ರಿ ಸರ” ಎಂದು ನಕ್ಕು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದ: “ದೂರ, ವೇಗ, ಕಾಲ ಅಂತ ನೀವು ಬೋರ್ಡ್ ಮ್ಯಾಲೆ ಬರೀತಿದ್ರಲ್ರಿ, ಆವಾಗ ಏನೂ ತಿಳೀತಿರ್ಲಿಲ್ಲ. ಟ್ರೇನಿಂಗಿನ್ಯಾಗ ಮತ್ತ ಅದನ್ನೇ ಕಲಿಸಿದ್ರು. ಅಲ್ಲಿ ತಿಳೀತು.”

ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ನಾನು ಕಲಿಸುವಾಗ ರೈಲು ಯಾವ ಊರಿನಿಂದ ಯಾವ ಊರಿಗೆ ಹೋಗುತ್ತದೆ ಎಂದಷ್ಟೇ ಹೇಳಿದ್ದೆ. ಅದು ಏಕೆ ಬೇಕು ಎಂದು ಹೇಳಿರಲಿಲ್ಲ. ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೆ: 38 ಅಂಕ ಬಂದ ಮಗುವನ್ನು ಇದ್ದಲ್ಲೇ ಅಳೆಯಬೇಡಿ. ಅದು ಹೋಗುವ ದಿಕ್ಕನ್ನು ನೋಡಿ.

ಆ ತಾಯಿಗೆ ಉತ್ತರವನ್ನು ಈಗ ಪೂರ್ತಿಯಾಗಿ ಹೇಳಬಲ್ಲೆ. ಹೌದವ್ವಾ, ತೋಪು ಹಳೆಯದು. ಅದರ ಕಣ್ಣು ಹೊಸದು. ಅದರ ಹಿಂದಿನ ಲೆಕ್ಕ ತಪ್ಪದು. ಅದನ್ನು ಹಿಡಿದು ನಿಂತವನು ನಿನ್ನ ಮಗ.

ಮಾಡಿ ನೋಡಿ

ಒಂದು ಚೆಂಡಿಗೆ ದಾರ ಕಟ್ಟಿ ಗೆಳೆಯನೊಬ್ಬ ನೆಲದ ಮೇಲೆ ಒಂದೇ ವೇಗದಲ್ಲಿ ಅಡ್ಡವಾಗಿ ಎಳೆಯುತ್ತ ಹೋಗಲಿ. ನೀವು 5 ಮೀಟರ್ ದೂರದಲ್ಲಿ ಕೂತು ಗೋಲಿಯನ್ನು ಉರುಳಿಸಿ ಅದಕ್ಕೆ ತಾಕಿಸಿ. ಚೆಂಡಿಗೇ ಗುರಿಯಿಟ್ಟರೆ ಗೋಲಿ ಹಿಂದೆ ಬೀಳುತ್ತದೆ. ಗೋಲಿ 5 ಮೀಟರ್ ಉರುಳಲು ಎಷ್ಟು ಸೆಕೆಂಡು ಬೇಕು, ಚೆಂಡು ಒಂದು ಸೆಕೆಂಡಿಗೆ ಎಷ್ಟು ಸಾಗುತ್ತದೆ ಎಂದು ಗಡಿಯಾರ ಹಿಡಿದು ಅಳೆಯಿರಿ. ಎರಡನ್ನೂ ಗುಣಿಸಿ. ಬಂದ ಉತ್ತರದಷ್ಟು ಮುಂದೆ ಸುಣ್ಣದಿಂದ ಗುರುತು ಮಾಡಿ. ಚೆಂಡು ನಿಮ್ಮ ಎದುರಿಗೆ ಬಂದ ಕ್ಷಣದಲ್ಲಿ ಗೋಲಿಯನ್ನು ಆ ಗುರುತಿನತ್ತ ಬಿಡಿ. ತಾಕಿದರೆ ನಿಮ್ಮ ಲೆಕ್ಕ ಸರಿ. ತಾಕದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ, ಕಲಿಯುವುದು ಅಲ್ಲಿಯೇ.